ಇನ್ನೊಮ್ಮೆ ಸಾಹೇಬರೂ ಅಂಗೈಯಗಲದ ಟ್ಯಾಂಕೂ

ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟ ಮಾಡಿ ವರ್ಷಗಳೇ ಆದವು. ನಾವಿಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಕೂತು ಉಣ್ಣುತ್ತೇವೆ. ಮೇಜು ಗೊಂಬೆಗಳಿಗೆ ಮೀಸಲು. ಅದರ ಮೇಲೆ ಬೂದು ಬಣ್ಣದ ಬಟ್ಟೆ, ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳು, ಒಂದು ಟೇಬಲ್ ಲ್ಯಾಂಪು, ಒಂದು ಅಳತೆಪಟ್ಟಿ, ಒಂದು ಭೂತಗನ್ನಡಿ. ಆ ಕಡೆ ಒಂದೇ ಒಂದು ಕುರ್ಚಿ, ಅದು ಇವರದು. ಈ ಕಡೆ ನಾನು, ಎರಡೂ ಕೈಯಲ್ಲಿ ಮೊಬೈಲ್ ಹಿಡಿದು ನಿಂತಿರುತ್ತೇನೆ. ಮೊಬೈಲ್ ನಿಲ್ಲಿಸಲು ಮೂರು ಕಾಲಿನ ಸ್ಟ್ಯಾಂಡೊಂದನ್ನು ಮಗಳು ತಂದುಕೊಟ್ಟಿದ್ದಳು. ಇವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ಕಾಲು ಗಿಡ್ಡ ಎಂದು ಫೇಲ್ ಮಾಡಿ ಅಟ್ಟಕ್ಕೆ ಹಾಕಿದರು. ಅಂದಿನಿಂದ ಸ್ಟ್ಯಾಂಡು ನಾನೇ.

ಇವರು ಅಂದರೆ ನನ್ನ ಗಂಡ. ನೌಕರಿಯಲ್ಲಿದ್ದಷ್ಟು ಕಾಲ ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಪರೀಕ್ಷಕರಾಗಿದ್ದರು. ಕಾರು ಕಲಿತವರ ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಪ್ಯಾಡ್ ಇಟ್ಟುಕೊಂಡು ಕೂರುವುದು, ಮೈದಾನದಲ್ಲಿ ಒಂದು ಸುತ್ತು, ರಸ್ತೆಯಲ್ಲಿ ಒಂದು ಸುತ್ತು, ಆಮೇಲೆ ಕೆಳಗಿಳಿದು "ಇನ್ನೊಮ್ಮೆ ಬನ್ನಿ" ಅನ್ನುವುದು. ಇದೇ ಇವರ ಕೆಲಸ. ಕನ್ನಡಿ ನೋಡುವಾಗ ಕೂದಲು ಸರಿ ಮಾಡಿಕೊಂಡ ಎಂದು ಒಬ್ಬನನ್ನು ಫೇಲ್ ಮಾಡಿದರು. ಹಾರ್ನ್ ಹೊಡೆಯಬಾರದ ಕಡೆ ಹೊಡೆದಳು ಎಂದು ಒಬ್ಬಳನ್ನು, ಹೊಡೆಯಬೇಕಾದ ಕಡೆ ಹೊಡೆಯಲಿಲ್ಲ ಎಂದು ಅವಳ ತಮ್ಮನನ್ನು. ಕೈ ಬೆಚ್ಚಗೆ ಮಾಡಲು ಬಂದವರಂತೂ ಮೈದಾನದ ಗೇಟನ್ನೇ ದಾಟಲಿಲ್ಲ. ಊರಿನವರೆಲ್ಲ ಇವರಿಗೆ "ಇನ್ನೊಮ್ಮೆ ಸಾಹೇಬರು" ಎಂದು ಹೆಸರಿಟ್ಟರು. ತರಕಾರಿ ಅಂಗಡಿಯವನು ನನ್ನನ್ನು ಕಂಡರೆ "ಇನ್ನೊಮ್ಮೆ ಸಾಹೇಬರ ಮನೆಯವರು ಬಂದ್ರು, ಒಳ್ಳೇದು ಆರಿಸಿ ಕೊಡಪ್ಪ" ಎಂದು ಕೆಲಸದವನಿಗೆ ಹೇಳುತ್ತಿದ್ದ. ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ನನ್ನನ್ನೂ ಫೇಲ್ ಮಾಡಿದ್ದಾರೆ. ಮಗಳು ಚಿಕ್ಕವಳಿದ್ದಾಗ ಅವಳನ್ನು ಶಾಲೆಗೆ ಬಿಡಲು ಅನುಕೂಲವಾಗಲಿ ಎಂದು ನಾನು ಕಾರು ಕಲಿತೆ. ಕಲಿಸಿದವರು ನನ್ನ ಕೈ ಹದವಾಗಿದೆ ಎಂದು ಹೊಗಳಿದ್ದರು. ಪರೀಕ್ಷೆಯ ದಿನ ಇನ್ನೊಬ್ಬ ಪರೀಕ್ಷಕರು ರಜೆ ಹಾಕಿದ್ದರಿಂದ ನನ್ನ ಪಕ್ಕ ಬಂದು ಕೂತವರು ಇವರು. ಬೆಳಿಗ್ಗೆ ತಾನೇ ನಾನು ಇಸ್ತ್ರಿ ಮಾಡಿಕೊಟ್ಟ ಅಂಗಿ ಹಾಕಿಕೊಂಡು, ನನ್ನ ಮುಖ ನೋಡದೆ, "ನಿಮ್ಮ ಹೆಸರು?" ಎಂದು ಕೇಳಿದರು. ಹೇಳಿದೆ. ಏನು ಮಾಡಲಿ? ಮೈದಾನದಲ್ಲಿ ಸಾಲಾಗಿ ಇಟ್ಟ ಪ್ಲಾಸ್ಟಿಕ್ ಕೋನುಗಳಲ್ಲಿ ಒಂದೂ ಅಲುಗಾಡದಂತೆ ಓಡಿಸಿದೆ. ರಸ್ತೆಗೆ ಬಂದು, ದಾರಿ ಎರಡಾಗಿ ಒಡೆಯುವ ಕಡೆ, "ಎಡಕ್ಕಾ ರೀ, ಬಲಕ್ಕಾ?" ಎಂದೆ. ಅಷ್ಟೇ. ಪ್ಯಾಡಿನ ಮೇಲೆ ಪೆನ್ನು ಓಡಿತು. ಕೆಳಗಿಳಿದು ಹೇಳಿದರು, "ಪರೀಕ್ಷೆ ನಡೆಯುವಾಗ ಪರೀಕ್ಷಕರ ಜೊತೆ ಮಾತಾಡಿದಿರಿ. ಅದೂ ರೀ ಅಂತ. ಇನ್ನೊಮ್ಮೆ ಬನ್ನಿ."

ಸಂಜೆ ಮನೆಗೆ ಬಂದು ಏನೂ ಆಗದವರ ಹಾಗೆ "ಒಂದು ಲೋಟ ಕಾಫಿ ಕೊಡ್ತೀಯಾ?" ಎಂದರು. "ಇನ್ನೊಮ್ಮೆ ಬನ್ನಿ" ಎಂದು ಅಡುಗೆಮನೆ ಬಾಗಿಲು ಹಾಕಿಕೊಂಡೆ. ಮತ್ತೆ ನಾನು ಆ ಮೈದಾನದ ಕಡೆ ತಲೆ ಹಾಕಿಯೂ ಮಲಗಲಿಲ್ಲ, ಸ್ಟೀರಿಂಗ್ ಮುಟ್ಟಲೂ ಇಲ್ಲ. ಮಗಳು ಬಸ್ಸಿನಲ್ಲೇ ಶಾಲೆ ಮುಗಿಸಿದಳು.

ನಿವೃತ್ತಿಯಾದ ಮೇಲೆ ಫೇಲ್ ಮಾಡಲು ಇವರಿಗೆ ಮನುಷ್ಯರು ಸಿಗದೆ ಮನೆಯ ಸಾಮಾನುಗಳ ಮೇಲೆ ಬಿದ್ದರು. ಫ್ರಿಜ್ಜಿನ ಬಾಗಿಲು ಜೋರಾಗಿ ಹಾಕ್ತೀಯ. ಕುಕ್ಕರ್ ಕೂಗೋದು ತಡ. ಪೇಪರ್ ಹಾಕೋನು ಗೇಟಿನ ಎಡಕ್ಕೆ ಹಾಕ್ತಾನೆ, ಬಲಕ್ಕೆ ಹಾಕ್ಬೇಕು. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಆಗಲೇ ಒಂದು ದಿನ ಮೊಮ್ಮಗಳು ನಮ್ಮ ಮನೆಯಲ್ಲಿ ತನ್ನ ಗೊಂಬೆಯೊಂದನ್ನು ಮರೆತು ಹೋದಳು. ಮಡಚಿದರೆ ಕಾರು, ಬಿಚ್ಚಿದರೆ ರೋಬೋಟು. ಇವರು ಅದನ್ನು ಕೈಗೆತ್ತಿಕೊಂಡವರು ಕತ್ತಲಾಗುವವರೆಗೆ ಕೆಳಗಿಡಲಿಲ್ಲ. ಮನೆಯಲ್ಲಿ ಅಂಥ ಶಾಂತಿ ನಾನು ಕಂಡೇ ಇರಲಿಲ್ಲ. ಮಗಳಿಗೆ ಫೋನ್ ಮಾಡಿ, ಇಂಥವು ಇನ್ನೂ ನಾಲ್ಕು ಕಳಿಸೇ ತಾಯಿ ಎಂದು ಬೇಡಿಕೊಂಡೆ. ನನ್ನ ಗುಂಡಿಯನ್ನು ನಾನೇ ತೋಡಿಕೊಂಡೆ ಅಂತ ಆಗ ಗೊತ್ತಾಗಲಿಲ್ಲ.

ಮಗಳು ಗೊಂಬೆಗಳನ್ನೂ ಕಳಿಸಿದಳು, ಅವುಗಳ ವಿಮರ್ಶೆಯನ್ನು ವಿಡಿಯೋ ಮಾಡಿ ಇಂಟರ್ನೆಟ್ಟಿಗೆ ಹಾಕುವುದನ್ನೂ ಕಲಿಸಿಕೊಟ್ಟಳು. ಈಗ ಇವರ ವಿಡಿಯೋಗಳನ್ನು ಸಾವಿರಾರು ಜನ ನೋಡುತ್ತಾರೆ. ಯಾಕೆ ನೋಡುತ್ತಾರೋ ದೇವರಿಗೇ ಗೊತ್ತು. ಬೈಸಿಕೊಳ್ಳುವವರು ತಾವಲ್ಲ ಅನ್ನುವ ಖುಷಿಗೇ ಇರಬೇಕು. ಪ್ರತಿ ಗೊಂಬೆಯೂ ಇವರ ಲೆಕ್ಕದಲ್ಲಿ "ಗಾಡಿ". ಗಾಡಿ ಪಾಸಾಗಬೇಕು, ಇಲ್ಲವೇ ಫೇಲಾಗಬೇಕು, ನಡುವೆ ಏನೂ ಇಲ್ಲ. ಫೇಲಾದ ಗಾಡಿಯ ಮರುಪರೀಕ್ಷೆ ಮೂರು ತಿಂಗಳ ನಂತರ. ಕಂಪನಿಯವರು ಕೊಡುವ ಬಳಕೆಯ ಚೀಟಿಯನ್ನು ಓದುವ ಹಾಗಿಲ್ಲ. ಓದಿ ಓಡಿಸುವುದು ಚಾಲನೆಯೇ ಅಲ್ಲವಂತೆ. ಪರೀಕ್ಷೆಗೆ ಮೊದಲು ಗಾಡಿಯನ್ನು ಯಾರೂ ಮುಟ್ಟುವಂತಿಲ್ಲ. ವಿಡಿಯೋಗೆ ಎಲ್ಲೂ ಕತ್ತರಿ ಹಾಕುವಂತಿಲ್ಲ, ಒಂದೇ ಉಸಿರಿಗೆ ತೆಗೆದು ಇದ್ದದ್ದು ಇದ್ದ ಹಾಗೆ ಹಾಕಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ, ಮೊಬೈಲ್ ಹಿಡಿದವರು ತುಟಿ ಪಿಟಕ್ಕೆನ್ನಬಾರದು. ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ಒಮ್ಮೆ ಸೀನಿದ್ದಕ್ಕೆ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು.

ಇದೆಲ್ಲವನ್ನೂ ಸಹಿಸಿಕೊಂಡು ಬಂದೆ. ಆದರೆ ಆ ಟ್ಯಾಂಕು ಮನೆಗೆ ಬಂದಾಗ ನನ್ನ ನಿದ್ದೆ ಹಾರಿಹೋಯಿತು, ಯಾಕೆಂದರೆ ಅದನ್ನು ಮಾಡಿದವನು ನನ್ನ ಅಳಿಯ.

ಅಳಿಯ ಗೊಂಬೆ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು. ಬಾಯಿ ಸತ್ತವನು, ಪಾಪ. ಲೈಸೆನ್ಸಿಗೆಂದು ಬಂದವನನ್ನು ಇವರು ಎಷ್ಟು ಸಲ ಫೇಲ್ ಮಾಡಿದರೆಂದರೆ, ಅಪ್ಪನಿಗೆ ಬುತ್ತಿ ಕೊಡಲು ಮೈದಾನಕ್ಕೆ ಹೋಗುತ್ತಿದ್ದ ಮಗಳು ಅವನನ್ನು ಸಮಾಧಾನ ಮಾಡುತ್ತಾ ಮಾಡುತ್ತಾ ಮದುವೆಯವರೆಗೆ ಬಂದಳು. ಕಾರ್ಖಾನೆಯಲ್ಲಿ ಅಷ್ಟು ವರ್ಷ ಬೇರೆಯವರು ಯೋಚಿಸಿದ ಗಿಲಕಿ, ಬುಗುರಿ, ಸ್ನಾನದ ತೊಟ್ಟಿಯ ಬಾತುಕೋಳಿಗಳಿಗೆ ಗೆರೆ ಎಳೆಯುತ್ತಿದ್ದವನು ಈಗ ಮೊದಲ ಸಲ ತಾನೇ ಯೋಚಿಸಿ ಒಂದು ಗೊಂಬೆ ಮಾಡಿದ್ದ. ಅಂಗೈಯಗಲದ ರೋಬೋಟು. ಮಡಚಿದರೆ ಯುದ್ಧದ ಟ್ಯಾಂಕು. ಪರೀಕ್ಷೆಗೆಂದು ಕೆಲವನ್ನು ಮಾತ್ರ ತಯಾರಿಸಿದ್ದರು. ಅವನ ಮಾಲೀಕ, ಹಿರಿಯ ಮನುಷ್ಯ, ನನ್ನ ದುರದೃಷ್ಟಕ್ಕೆ ಇವರ ವಿಡಿಯೋಗಳ ಭಕ್ತ. "ಆ ಇನ್ನೊಮ್ಮೆ ಅಜ್ಜ ಏನಂತಾರೆ ನೋಡೋಣ. ಪಾಸ್ ಅಂದ್ರೆ ಸಾವಿರಗಟ್ಟಲೆ ಮಾಡೋಕೆ ಅಚ್ಚು ಹಾಕಿಸ್ತೀನಿ. ಇಲ್ಲ ಅಂದ್ರೆ ಬಾತುಕೋಳಿ ಇದ್ದೇ ಇದೆ" ಎಂದುಬಿಟ್ಟಿದ್ದ. ಆ ವಾರದ ಕೊನೆಗೆ ಅವನ ತೀರ್ಮಾನ. ಮೂರು ತಿಂಗಳ ನಂತರದ ಮರುಪರೀಕ್ಷೆಯಿಂದ ಅಳಿಯನಿಗೆ ಮೂರು ಕಾಸಿನ ಪ್ರಯೋಜನವಿರಲಿಲ್ಲ.

ಅಜ್ಜ ತನ್ನ ಮಾವ ಎಂದು ಅಳಿಯ ಮಾಲೀಕನಿಗೆ ಹೇಳಿಯೂ ಇದ್ದನಂತೆ. ಮಾಲೀಕ ಬಿದ್ದು ಬಿದ್ದು ನಕ್ಕು, "ಹಾಗಾದ್ರೆ ಇನ್ನೂ ಒಳ್ಳೇದು, ಆ ಮನುಷ್ಯ ಹೆಂಡತಿಯನ್ನೇ ಪಾಸ್ ಮಾಡ್ಲಿಲ್ಲ ಅಂತಾರೆ" ಎಂದನಂತೆ. ನನ್ನ ಮಾನ ಹೀಗೆ ಕಾರ್ಖಾನೆಗಳವರೆಗೂ ಹೋಗಿ ಮುಟ್ಟಿದೆ.

ಪರೀಕ್ಷೆಯ ದಿನ ಬೆಳಿಗ್ಗೆ ಮಗಳ ಫೋನ್ ಬಂತು.

"ಅಮ್ಮಾ, ಅಪ್ಪನ ಮೂಡ್ ಹೇಗಿದೆ?"

"ಹಲ್ಲುಜ್ಜೋ ಬ್ರಷ್ಷಿನ ಮೇಲೆ ರೇಗ್ತಿದಾರೆ. ಹೇಗಿರತ್ತೆ ಹೇಳು?"

"ನಮ್ಮನೇವ್ರು ತಿಂಡಿ ತಿಂದಿಲ್ಲಮ್ಮ. ಸುಮ್ನೆ ಕೂತಿದಾರೆ. ಕೆಲಸಕ್ಕೆ ಹೋಗೋ ಬಟ್ಟೆ ಹಾಕ್ಕೊಂಡು, ಬೂಟು ಹಾಕ್ಕೊಂಡು, ಬಾಗಿಲ ಹತ್ರ ಕೂತಿದಾರೆ."

ಆ ಹುಡುಗ ಮೈದಾನದ ಬೆಂಚಿನ ಮೇಲೆ ಹೀಗೇ ಕೂತಿರುತ್ತಿದ್ದ ಎಂದು ಮಗಳು ಹಿಂದೆಯೂ ಹೇಳಿದ್ದಳು.

ಇವರು ಸ್ನಾನಕ್ಕೆ ಹೋದರು. ಇವರ ಸ್ನಾನ ಅಂದರೆ ನಲ್ಲಿ, ಬಕೆಟ್ಟು, ಸೋಪು ಎಲ್ಲದರ ತಪಾಸಣೆ ಮುಗಿದು ಹೊರಬರುವಷ್ಟರಲ್ಲಿ ಒಂದು ಅಡುಗೆ ಮಾಡಿ ಮುಗಿಸಬಹುದು. ನಾನು ಮೇಜಿನ ಬಳಿ ಹೋದೆ. ಗೊಂಬೆ ಬಂದಿದ್ದ ರಟ್ಟಿನ ಪೆಟ್ಟಿಗೆಗೆ ಸೀಲು ಗೀಲು ಏನೂ ಇರಲಿಲ್ಲ, ಬರೀ ಮುಚ್ಚಳ. ಸೆರಗಿಗೆ ಕೈ ಒರೆಸಿಕೊಂಡು ಗೊಂಬೆಯನ್ನು ಎತ್ತಿಕೊಂಡು ಅಡುಗೆಮನೆಗೆ ಬಂದೆ. ನಿಯಮ ಮುರಿಯುತ್ತಿದ್ದೇನೆ ಎಂದು ಗೊತ್ತಿತ್ತು. ಗೊತ್ತಿದ್ದರೆ ಏನೀಗ? ಅದು ಒಳ್ಳೆಯದೋ ಕೆಟ್ಟದ್ದೋ ಅಂತ ತಿಳಿಯದೆ ಮೊಬೈಲ್ ಹಿಡಿದು ನಿಲ್ಲುವ ಧೈರ್ಯ ನನಗಿರಲಿಲ್ಲ.

ಮುದ್ದಾಗಿತ್ತು. ಪಾಚಿ ಬಣ್ಣದ ಮೈ, ಸ್ವಲ್ಪ ಸೊಟ್ಟ ನಗುವಿನ ಮುಖ, ಬೆನ್ನ ಮೇಲೆ ತೋಪಿನ ನಳಿಗೆ. ನಾನು ಮೊದಲು ಎರಡೂ ತೋಳನ್ನು ಒಳಗೆ ಮಡಚಲು ಹೋದೆ. ಹೋಗಲಿಲ್ಲ. ಒತ್ತಿದೆ. ಎಡಗೈ ಕಿತ್ತುಕೊಂಡು ನನ್ನ ಕೈಗೇ ಬಂತು. ಅಯ್ಯೋ, ಅಳಿಯನ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದುಕೊಂಡೆ. ಆದರೆ ನೋಡಿದರೆ ಎಲ್ಲೂ ಮುರಿದಿರಲಿಲ್ಲ. ತೋಳಿನ ತುದಿಯಲ್ಲಿ ಮೆಣಸಿನ ಕಾಳಿನಷ್ಟು ಒಂದು ಗುಂಡು, ಭುಜದಲ್ಲಿ ಅದಕ್ಕೆ ಸರಿಯಾಗಿ ಒಂದು ಕುಳಿ. ಇಟ್ಟು ಒತ್ತಿದೆ. ಟಕ್ ಎಂದು ಕೂತಿತು. ಬೇಕೆಂದೇ ಇನ್ನೊಂದು ಸಲ ಎಳೆದೆ, ಬಂತು. ಒತ್ತಿದೆ, ಕೂತಿತು. ಯಾರಾದರೂ ಬಲವಂತ ಮಾಡಿದರೆ ಮುರಿಯದೆ ಕಳಚಿಕೊಳ್ಳಲಿ ಎಂದೇ ಅವನು ಹಾಗೆ ಮಾಡಿದ್ದ. ಇಷ್ಟು ವರ್ಷ ಈ ಮಾವನ ಜೊತೆ ಬಾಳಿದವನಿಗೆ ಅಷ್ಟು ಹೊಳೆಯದೆ ಇರುತ್ತದೆಯೇ?

ಮತ್ತೆ ಮತ್ತೆ ಮಾಡಿ ನೋಡಿದೆ. ಮೊದಲು ತಲೆಯನ್ನು ಎದೆಯೊಳಗೆ ಇಳಿಸಬೇಕು. ತಲೆ ಇಳಿದ ಮೇಲೆ ಭುಜ ತಾನಾಗಿ ಜಾಗ ಬಿಡುತ್ತದೆ, ತೋಳು ಬೆಣ್ಣೆಯ ಹಾಗೆ ಒಳಗೆ ಹೋಗುತ್ತದೆ. ಕಾಲನ್ನು ಹಿಂದಕ್ಕೆ ಮಡಚಿದರೆ ಟ್ಯಾಂಕಿನ ಚಕ್ರದ ಪಟ್ಟಿ. ಬೆನ್ನಿನ ನಳಿಗೆ ಮುಂದಕ್ಕೆ. ಆಯಿತು ಟ್ಯಾಂಕು. ಅಡುಗೆ ಕಟ್ಟೆಯ ಮೇಲೆ ಉಪ್ಪಿನ ಡಬ್ಬಿಯಿಂದ ಒಲೆಯವರೆಗೆ ಓಡಿಸಿದೆ. ಎಷ್ಟು ಚೆನ್ನಾಗಿ ಓಡಿತು ಅಂದರೆ ನನಗೇ ನಗು ಬಂತು. ಬಚ್ಚಲಿನ ಚಿಲಕದ ಸದ್ದು ಕೇಳಿಸಿದಾಗ ಗೊಂಬೆ ಪೆಟ್ಟಿಗೆಯಲ್ಲಿ ರೋಬೋಟಾಗಿ ಮಲಗಿತ್ತು. ನಾನು ಈರುಳ್ಳಿ ಹೆಚ್ಚುತ್ತಿದ್ದೆ.

ಪರೀಕ್ಷೆ ಶುರುವಾಯಿತು. ನಾನು ಮೊಬೈಲಿನ ಕೆಂಪು ಗುಂಡಿ ಒತ್ತಿದೆ. ಇವರು ಗಂಟಲು ಸರಿಮಾಡಿಕೊಂಡರು.

"ನಮಸ್ಕಾರ. ಇವತ್ತು ಪರೀಕ್ಷೆಗೆ ಬಂದಿರೋ ಗಾಡಿ, ರೋಬೋಟ್ ಆಗಿ ನಿಲ್ಲತ್ತೆ, ಟ್ಯಾಂಕ್ ಆಗಿ ಓಡತ್ತೆ ಅಂತ ಹೇಳಿಕೆ. ಹೇಳಿಕೆ ಅಷ್ಟೆ. ಇನ್ನೊಂದು ವಿಷಯ. ಇದನ್ನ ಮಾಡಿದೋರು ನನ್ನ ಅಳಿಯ. ಮುಚ್ಚುಮರೆ ಬೇಡ. ಅದಕ್ಕೇ ಇವತ್ತು ಪರೀಕ್ಷೆ ಎಂದಿಗಿಂತ ಬಿಗಿಯಾಗಿರತ್ತೆ."

ಎಂದಿಗಿಂತ ಬಿಗಿಯಂತೆ! ಸ್ವಂತ ಅಳಿಯ ಅಂತ ಯಾರಾದರೂ ಹಿಡಿ ಸಡಿಲ ಮಾಡುತ್ತಾರೆ, ಇವರು ಇನ್ನೂ ಗಟ್ಟಿ ಹಿಡಿಯುತ್ತಾರೆ. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಕೈ ಮಾತ್ರ ಅಲುಗಾಡಿಸಲಿಲ್ಲ.

ಕ್ಯಾತೆ ಶುರುವಾಯಿತು. ಎಡಗಣ್ಣಿನ ಬಣ್ಣ ಗೆರೆ ದಾಟಿದೆ. ಭೂತಗನ್ನಡಿಯಲ್ಲಿ ನೋಡಿದರೆ ಯಾರ ಕಣ್ಣಿನ ಬಣ್ಣ ಗೆರೆ ದಾಟಿರುವುದಿಲ್ಲ? ಬೆನ್ನಿನ ಭಾರಕ್ಕೆ ನಿಲುವು ಸ್ವಲ್ಪ ಹಿಂದಕ್ಕೆ. ನಿಮ್ಮ ನಿಲುವೂ ಹೊಟ್ಟೆಯ ಭಾರಕ್ಕೆ ಮುಂದಕ್ಕಿದೆ, ನಾನೇನಾದರೂ ಅಂದೆನಾ? ಮೊಣಕಾಲು ಸದ್ದು ಮಾಡುತ್ತದೆ. ಹಾಳಾಗಲಿ, ನನ್ನದೂ ಮಾಡುತ್ತದೆ. ಇದನ್ನೆಲ್ಲ ಮನಸ್ಸಿನಲ್ಲೇ ಅಂದುಕೊಂಡು ಹಲ್ಲು ಕಚ್ಚಿ ನಿಂತಿದ್ದೆ.

"ಈಗ ಮುಖ್ಯ ಘಟ್ಟ," ಎಂದರು ಇವರು. "ರೋಬೋಟ್‌ನಿಂದ ಟ್ಯಾಂಕ್." ಎಂದವರು ನೇರವಾಗಿ ತೋಳಿಗೇ ಕೈ ಹಾಕಿದರು.

ತೋಳು ಹೋಗಲಿಲ್ಲ. ಇವರು ಹುಬ್ಬು ಗಂಟಿಕ್ಕಿ ಒತ್ತಿದರು. ಹೋಗಲಿಲ್ಲ. ಇನ್ನೂ ಬಲವಾಗಿ ಒತ್ತಿದರು.

"ಮೊದ್ಲು ತಲೆ ಇಳಿಸಿ ರೀ," ಎಂಬ ಮಾತು ನನ್ನ ಬಾಯಿಂದ ಜಾರಿಯೇ ಬಿಟ್ಟಿತು.

ಇವರು ತಲೆಯೆತ್ತಿ ನೋಡಿದ ನೋಟ ನನಗೆ ಪರಿಚಯದ್ದೇ. ಕಾರಿನೊಳಗೆ ನೋಡಿದ್ದೆ. "ಪರೀಕ್ಷೆ ನಡೀವಾಗ ಮೊಬೈಲ್ ಹಿಂದಿನಿಂದ ಮಾತು ಬೇಡ," ಎಂದು ಮತ್ತೆ ಒತ್ತಿದರು. ಎಡಗೈ ಕಳಚಿ ಮೇಜಿನ ಮೇಲೆ ಬಿದ್ದು, ಸೀಮೆಸುಣ್ಣದ ಗೆರೆ ದಾಟಿ ಉರುಳಿತು.

ಇವರು ಆ ತೋಳನ್ನು ಎರಡು ಬೆರಳಲ್ಲಿ ಎತ್ತಿ ಮೊಬೈಲಿಗೆ ತೋರಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು, ಅದೇ ನನಗೆ ಇನ್ನೂ ಸಿಟ್ಟು ತರಿಸಿತು. "ಮೊದಲನೇ ಸಲಕ್ಕೇ ತೋಳು ಮುರೀತು. ಮಗು ಕೈಯಲ್ಲಿ ಎಷ್ಟು ದಿನ ಬಾಳತ್ತೆ? ಅಳಿಯ ಆದ್ರೇನು, ಯಾರಾದ್ರೇನು. ಗಾಡಿ..."

"ಮುರಿದಿಲ್ಲ!" ಎಂದೆ ನಾನು. "ಫೇಲ್ ಅನ್ಬೇಡಿ, ಮುರಿದಿಲ್ಲ ಅದು. ಇಟ್ಟು ಒತ್ತಿದ್ರೆ ಕೂರತ್ತೆ."

"ನಿಂಗ್ ಹೇಗ್ ಗೊತ್ತು?"

ಹೇಳಿದರೆ ನಾನು ನಿಯಮ ಮುರಿದವಳು. ಹೇಳದಿದ್ದರೆ ಅಳಿಯ ಬೂಟು ಹಾಕಿಕೊಂಡು ಬಾಗಿಲ ಬಳಿ ಕೂತಿದ್ದಾನೆ.

"ಬೆಳಿಗ್ಗೆ ನಾನು ಮಾಡಿ ನೋಡ್ದೆ. ನೀವು ಬಚ್ಚಲಲ್ಲಿದ್ದಾಗ."

ಇವರ ಮುಖ ಕೆಂಡವಾಯಿತು. "ಪರೀಕ್ಷೆಗೆ ಮೊದ್ಲೇ ಗಾಡಿ ಮುಟ್ಟಿದ್ಯಾ? ಹಾಗಾದ್ರೆ ಕೀಲು ಸಡಿಲ ಮಾಡಿದ್ದು ನೀನೇ! ಫೇಲ್ ಅಲ್ಲ, ಪಾಸೂ ಅಲ್ಲ. ಪರೀಕ್ಷೆ ರದ್ದು!"

ರದ್ದು ಅಂದರೆ ಫೇಲಿಗಿಂತ ಕಡೆ. ಫೇಲಾದ ಗೊಂಬೆಯ ಬಗ್ಗೆ ಮಾಲೀಕ ಯೋಚಿಸಿಯಾದರೂ ಯೋಚಿಸಿಯಾನು, ಪರೀಕ್ಷೆಯಲ್ಲಿ ಮೋಸ ನಡೆದ ಗೊಂಬೆಯನ್ನು ಯಾರು ಮೂಸಿ ನೋಡುತ್ತಾರೆ? ಅದೂ ಅಳಿಯನ ಗೊಂಬೆ, ಮೋಸ ಮಾಡಿದವಳು ಅತ್ತೆ. ಇಷ್ಟು ವರ್ಷ ಒಳಗೆ ಕುದ್ದದ್ದೆಲ್ಲ ಒಂದೇ ಸಲ ಉಕ್ಕಿತು. ನಾನು ಮೇಜು ಸುತ್ತಿ ಆ ಕಡೆ ಹೋಗಿ, ಮೊಬೈಲನ್ನು ಇವರ ಕೈಯಲ್ಲಿ ತುರುಕಿದೆ.

"ಏಳಿ ಮೇಲೆ," ಎಂದೆ. "ಏಳಿ ಅಂದೆ. ಹೋಗಿ ಆ ಕಡೆ ನಿಂತ್ಕೊಳ್ಳಿ. ಹಿಡ್ಕೊಳ್ಳಿ ಇದನ್ನ. ಕೈ ಅಲುಗಾಡಬಾರ್ದು."

"ಏನೇ ಇದು? ವಿಡಿಯೋ ಓಡ್ತಿದೆ..."

"ಓಡ್ಲಿ. ಕತ್ತರಿ ಹಾಕೋ ಹಾಗಿಲ್ಲ ಅಂದೋರು ನೀವೇ. ಮೊಬೈಲ್ ಹಿಡಿದೋರು ತುಟಿ ಬಿಚ್ಚೋ ಹಾಗಿಲ್ಲ ಅಂದೋರೂ ನೀವೇ. ಈಗ ಮೊಬೈಲ್ ಯಾರ ಕೈಲಿದೆ?"

ಇವರ ಬಾಯಿ ತೆರೆಯಿತು. ಮೊಬೈಲ್ ನೋಡಿದರು. ಬಾಯಿ ಮುಚ್ಚಿತು. ತಾವೇ ಮಾಡಿದ ನಿಯಮ, ತಾವು ಹೇಗೆ ಮುರಿದಾರು? ಸುಮ್ಮನೆ ಎದ್ದು ಹೋಗಿ ನಾನು ನಿಲ್ಲುವ ಜಾಗದಲ್ಲಿ ನಿಂತರು. ನಾನು ಇವರ ಕುರ್ಚಿಯಲ್ಲಿ ಕೂತೆ. ಕೂತಿದ್ದು ಅದೇ ಮೊದಲು. ಮೆತ್ತಗಿತ್ತು. ನನ್ನನ್ನು ಇಷ್ಟು ವರ್ಷ ನಿಲ್ಲಿಸಿ ತಾವು ಇಂಥ ಮೆತ್ತನೆಯ ಕುರ್ಚಿಯಲ್ಲಿ ಕೂತಿದ್ದರು.

"ನಮಸ್ಕಾರ," ಎಂದೆ ಮೊಬೈಲಿನ ಕಡೆ ನೋಡಿ. "ನಾನು ಇವರ ಹೆಂಡತಿ. ಸೀನಿದ್ದು ನಾನೇ. ಈಗ ನೋಡಿ, ಇದು ಕಳಚಿರೋ ತೋಳು. ಇಲ್ಲಿ ಗುಂಡು, ಅಲ್ಲಿ ಕುಳಿ. ಟಕ್. ಆಯ್ತಾ? ಎಲ್ಲಿ ಮುರಿದಿದೆ? ಹಟಮಾರಿಗಳು ಬಲವಂತ ಮಾಡಿದ್ರೆ ಮುರೀಬಾರ್ದು ಅಂತ ಹೀಗೆ ಮಾಡಿದಾನೆ ನನ್ನ ಅಳಿಯ. ಹಟಮಾರಿಗಳು ಯಾರು ಅಂತ ನಾನು ಹೇಳಲ್ಲ, ಅವ್ರು ಮೊಬೈಲ್ ಹಿಡ್ಕೊಂಡಿದಾರೆ. ಈಗ ತಲೆ ಒಳಗೆ. ಭುಜ ದಾರಿ ಬಿಡ್ತು, ಕಂಡ್ತಾ? ಈಗ ತೋಳು. ನೋಡಿ, ಬೆಣ್ಣೆ. ಕಾಲು ಹಿಂದಕ್ಕೆ. ನಳಿಗೆ ಮುಂದಕ್ಕೆ. ಟ್ಯಾಂಕು."

ಸೀಮೆಸುಣ್ಣದ ಗೆರೆಗಳ ನಡುವೆ ಟ್ಯಾಂಕನ್ನು ಓಡಿಸಿದೆ. ಇವರು ಆ ಗೆರೆಗಳನ್ನು ಮೈದಾನದ ಮಾದರಿಯಲ್ಲೇ ಎಳೆದಿದ್ದಾರೆ ಎಂದು ನನಗೆ ಆಗಷ್ಟೇ ಹೊಳೆಯಿತು. ಅದೇ ಎಂಟರ ಆಕಾರ, ಅದೇ ಇಕ್ಕಟ್ಟಿನ ತಿರುವು. ಗೆರೆ ಮುಟ್ಟದಂತೆ ಸುತ್ತು ಹಾಕಿಸಿ, ಹಿಮ್ಮುಖವಾಗಿ ತಂದು, ಮೂಲೆಯಲ್ಲಿ ನಿಲ್ಲಿಸಿದೆ. ಬಾಯಿ ಮಾತ್ರ ನಿಲ್ಲಲೇ ಇಲ್ಲ. ಗಿಡ್ಡ ಕಾಲಿನ ಸ್ಟ್ಯಾಂಡಿನ ಕತೆ, ತೊಡೆಯ ಮೇಲಿನ ತಟ್ಟೆಯ ಕತೆ, ಎಡಕ್ಕಾ ಬಲಕ್ಕಾ ಕತೆ, ಎಲ್ಲವೂ ಸಾವಿರಾರು ಜನರ ಮುಂದೆ ಬಂತು. ಕೊನೆಗೆ ಟ್ಯಾಂಕನ್ನು ಬಿಚ್ಚಿ ಮತ್ತೆ ರೋಬೋಟ್ ಮಾಡಿ ನಿಲ್ಲಿಸಿ, "ನಂದು ಮುಗೀತು," ಎಂದೆ. ಬೆವರಿ ಒದ್ದೆಯಾಗಿದ್ದೆ.

ಇವರು ಮೊಬೈಲನ್ನು ಟೇಬಲ್ ಲ್ಯಾಂಪಿಗೆ ಒರಗಿಸಿಟ್ಟು, ಮೇಜು ಸುತ್ತಿ ಬಂದು, ಇದ್ದ ಒಂದೇ ಕುರ್ಚಿಯಲ್ಲಿ ನಾನು ಕೂತಿದ್ದರಿಂದ ಪಕ್ಕದಲ್ಲಿ ನಿಂತುಕೊಂಡರು. ರೋಬೋಟನ್ನು ಎತ್ತಿಕೊಂಡು ತಲೆ ಇಳಿಸಿದರು. ತೋಳು ಮಡಚಿದರು. ಹೋಯಿತು. ಮತ್ತೆ ಬಿಚ್ಚಿದರು. ತೋಳನ್ನು ಬೇಕೆಂದೇ ಎಳೆದು ಕಳಚಿ, ಒತ್ತಿ ಕೂರಿಸಿದರು. ಟಕ್ ಅಂದಿತು.

"ಪರೀಕ್ಷೆಯಲ್ಲಿ ಕ್ರಮ ತಪ್ಪಿದ್ದು ನಾನು," ಎಂದರು ಮೊಬೈಲಿಗೆ. "ಬಲವಂತ ಮಾಡಿದ್ದೂ ನಾನು. ಗಾಡಿ ನನ್ನ ತಪ್ಪನ್ನ ತಡಕೊಂಡಿದೆ. ಗಾಡಿ ಪಾಸ್. ಚಾಲಕ ಫೇಲ್. ನಾನು ಇನ್ನೊಮ್ಮೆ ಬರ್ಬೇಕು." ಕೆಂಪು ಗುಂಡಿಯ ಕಡೆ ಕೈ ಚಾಚಿದವರು ನಡುವೆ ನಿಂತು ನನ್ನ ಕಡೆ ತಿರುಗಿದರು. ಬಹುವಚನ ಬಂತು. "ನೀವು ಪರೀಕ್ಷೆ ನಡೆಯುವಾಗ ಒಂದು ನಿಮಿಷವೂ ಬಾಯಿ ಮುಚ್ಚಲಿಲ್ಲ. ಆದರೂ ಪಾಸ್."

ವಿಡಿಯೋ ಇದ್ದದ್ದು ಇದ್ದ ಹಾಗೆ ಹೋಯಿತು. ಇವರು ಹಿಡಿದ ಭಾಗದಲ್ಲಿ ಅರ್ಧ ಇವರ ಹೆಬ್ಬೆರಳೇ ಕಾಣುತ್ತದೆ, ನನ್ನನ್ನು ಸ್ಟ್ಯಾಂಡ್ ಮಾಡಿದ ಮನುಷ್ಯನ ಕೈಚಳಕ ಅದು. ಮಾಲೀಕ ಅದನ್ನು ಕಾರ್ಖಾನೆಯವರನ್ನೆಲ್ಲ ಸೇರಿಸಿ ತೋರಿಸಿದನಂತೆ. "ಆ ಅಜ್ಜ ಅಷ್ಟು ಹಿಂಡಿದ್ರೂ ಮುರೀಲಿಲ್ಲ. ಇನ್ನು ಯಾವ ಮಗು ಮುರಿಯತ್ತೆ? ಅಚ್ಚು ಹಾಕಿಸಿ" ಎಂದನಂತೆ. ಅಳಿಯ ಫೋನ್ ಮಾಡಿ "ಅತ್ತೆ" ಎಂದ. ನಾನು ತಿಂಡಿ ತಿನ್ನಪ್ಪ ಎಂದಷ್ಟೇ ಹೇಳಿ ಇಟ್ಟೆ.

ಅಂದು ಸಂಜೆ ಇವರು ಮೇಜಿನ ಅರ್ಧ ಭಾಗದ ಬಟ್ಟೆ ಮಡಚಿ, ಇನ್ನೊಂದು ಕುರ್ಚಿ ತಂದು ಹಾಕಿದರು. ನಾನು ಕಾಫಿ ತಂದಿಟ್ಟೆ. ಇವರು ಲೋಟದೊಳಗೆ ನೋಡುತ್ತಾ, "ಅವತ್ತು ಇನ್ನೊಮ್ಮೆ ಬನ್ನಿ ಅಂದಿದ್ದೆ," ಎಂದರು. "ನೀನು ಬರ್ಲೇ ಇಲ್ಲ."

"ಫೇಲ್ ಮಾಡಿದ ಗಂಡನ ಹತ್ರ ಇನ್ನೊಮ್ಮೆ ಬರ್ತಾರಾ ಯಾರಾದ್ರೂ?"

"ನಾನು ಬರ್ತೀಯ ಅಂದ್ಕೊಂಡಿದ್ದೆ. ನಿನ್ನ ಕೈ ಚೆನ್ನಾಗಿತ್ತು. ಬೆಳಿಗ್ಗೆ ಮೈದಾನದಲ್ಲಿ ಸಾಲು ನಿಂತಿರತ್ತಲ್ಲ, ನೀನಿದ್ದೀಯಾ ಅಂತ ನೋಡ್ತಿದ್ದೆ."

"ಎಷ್ಟು ದಿನ ನೋಡಿದ್ರಿ?"

ಇವರು ಲೋಟ ಕೆಳಗಿಟ್ಟರು. "ರಿಟೈರ್ ಆಗೋವರೆಗೂ."

ಈ ಮನುಷ್ಯನಿಗೆ ಏನು ಹೇಳಲಿ ನಾನು? ಒಂದೇ ಮನೆಯಲ್ಲಿ, ಒಂದೇ ಗೋಡೆಯ ಗಡಿಯಾರ ನೋಡಿಕೊಂಡು ಇದ್ದೇವೆ. ಬೆಳಿಗ್ಗೆ ಇವರ ಅಂಗಿ ಇಸ್ತ್ರಿ ಮಾಡಿ ಕಳಿಸಿದವಳು ನಾನು. ಇವರು ಅದನ್ನು ಹಾಕಿಕೊಂಡು ಹೋಗಿ ಸಾಲಿನಲ್ಲಿ ನನ್ನನ್ನು ಹುಡುಕುತ್ತಿದ್ದರಂತೆ. ನನಗೆ ಸಿಟ್ಟು ಬಂತು.

"ಮನೇಲೇ ಇದ್ನಲ್ಲ ರೀ! ಒಂದು ಮಾತು, ಬಾರೇ ಅಂತ, ಕರೀಬಾರ್ದಿತ್ತಾ?"

"ಪರೀಕ್ಷಕರು ಕರೆಯೋ ಹಾಗಿಲ್ಲ," ಎಂದರು ಇವರು. "ಬರೋರೇ ಬರ್ಬೇಕು."

ತಲೆ ಚಚ್ಚಿಕೊಂಡೆ. ನಿಜವಾಗಿಯೂ ಚಚ್ಚಿಕೊಂಡೆ. ಆಮೇಲೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಕಾರಿನ ಕೀಲಿಯನ್ನು ತೆಗೆದು ಇವರ ಲೋಟದ ಪಕ್ಕ ಇಟ್ಟೆ.

"ನಾಳೆ ಬೆಳಿಗ್ಗೆ ಬರ್ತೀನಿ. ಆದ್ರೆ ಮೊದ್ಲೇ ಹೇಳ್ಬಿಡ್ತೀನಿ, ದಾರಿ ಎರಡಾದ ಕಡೆ ರೀ ಅಂತಲೇ ಕೇಳ್ತೀನಿ."